ಎರಡನೇ ರಕ್ತಕ್ಕೆ ಮುಂಚಿನ ರೊಟ್ಟಿ

ಡಬ್ಬಿಯ ಮುಚ್ಚಳ ತೆಗೆದರೆ ಹುಚ್ಚೆಳ್ಳು ಚಟ್ನಿಯ ವಾಸನೆ. ನಾನೇ ಅರೆದದ್ದಾದರೂ ಅಕ್ಕನದೇ ವಾಸನೆ. ಅವಳು ಹೋಗಿ ವರ್ಷವಾಯಿತು. ಅವಳ ಡಬ್ಬಿ ಹಿಡಿದು ಮಧುಗಿರಿಯ ಆಸ್ಪತ್ರೆಯ ಹೊಂಗೆ ಮರದ ಕೆಳಗೆ ಇವತ್ತು ನಾನು ಕೂತಿದ್ದೇನೆ. ನನಗೂ ಶುಗರ್ ಬಂದಿದೆ, ಆಸ್ತಿಯಲ್ಲಿ ಪಾಲು ಬಂದ ಹಾಗೆ. ಖಾಲಿ ಹೊಟ್ಟೆಯ ರಕ್ತ ಕೊಟ್ಟಾಯಿತು. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಮತ್ತೆ ಕೊಡಬೇಕು.

ನಾನು ಚಿಕ್ಕವನಿದ್ದಾಗ ಈ ಮರದ ಕೆಳಗೆ ಕೂರುತ್ತಿದ್ದವರೇ ಬೇರೆ. ಚಳಿಜ್ವರದವರು, ಚೇಳು ಕಡಿದವರು, ಪಾವಗಡದ ಕಡೆಯ ಫ್ಲೋರೈಡಿನ ಬೋರ್ ನೀರು ಕುಡಿದು ಸೊಂಟ ಬಗ್ಗಿದವರು. ಜ್ವರ ಬಿಟ್ಟವರು ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ. ಈಗ ಎಲ್ಲರಿಗೂ ಶುಗರ್, ಬಿಪಿ. ಈ ಕಾಯಿಲೆಗಳು ಮನೆ ಅಳಿಯನಂತೆ, ಬಂದವು ಹೊರಡುವುದಿಲ್ಲ. ಹಾಗಾಗಿ ತಿಂಗಳು ತಿಂಗಳೂ ಅವೇ ಮುಖಗಳು, ಅವೇ ಡಬ್ಬಿಗಳು. ನಮ್ಮ ಕೊಡಿಗೇನಹಳ್ಳಿಯ ಚಟ್ನಿ ಹೊಳವನಹಳ್ಳಿಯ ಇಡ್ಲಿಯ ಮೇಲೆ ಬೀಳುತ್ತದೆ.

ಅಕ್ಕ ಈ ಪಂಕ್ತಿಯ ಯಜಮಾನಿಯಾಗಿದ್ದಳು. ಹಿಂದಿನ ದಿನವೆಲ್ಲ ಬರೀ ಮಜ್ಜಿಗೆಯಲ್ಲಿ ಕಳೆದು ಬರುವಳು. ಇಲ್ಲಿ ಕಾಲು ರೊಟ್ಟಿ ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಜೊತೆಗೆ ಬಂದ ನನ್ನತ್ತ ತಳ್ಳುವಳು.

“ತಿನ್ಲಾ. ನಾನು ತಿಂದ್ರೆ ನಂಬರ್ ಕೆಟ್ಟೋಯ್ತದೆ.”

“ಡಾಕ್ಟ್ರು ದಿನಾ ತಿನ್ನೋವಷ್ಟು ತಿನ್ನು ಅಂದವ್ರೆ ಕಣಕ್ಕ.”

“ಅವ್ರೇನು ಬಂದು ನನ್ನ ಹೊಟ್ಟೆ ತೂಕ ಹಾಕ್ತಾರಾ? ಸುಮ್ಕೆ ತಿನ್ನು.”

ನಂಬರ್ ಚೆನ್ನಾಗಿಯೇ ಬರುತ್ತಿತ್ತು. ಡಾಕ್ಟರು ಮೆಚ್ಚಿ ಹಳೆಯ ಮಾತ್ರೆಯನ್ನೇ ಬರೆಯುತ್ತಿದ್ದರು. ಗೆದ್ದ ಖುಷಿಗೆ ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ಜಿಲೇಬಿ ತಿನ್ನುವಳು. ಇತ್ತ ಪ್ರತಿ ತಿಂಗಳೂ ಅವಳು ಪಾಸಾಗುತ್ತಿದ್ದರೆ, ಅತ್ತ ಉಳಿದ ದಿನಗಳ ಏರಿದ ಶುಗರಿಗೆ ಕಿಡ್ನಿ ಸೋಲುತ್ತಾ ಬಂದಿತ್ತು. ಕಾಲು ಊದಿಕೊಂಡ ಮೇಲೆ ಗೊತ್ತಾಯಿತು. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ನಾನು ರೊಟ್ಟಿ ಕೈಗೆತ್ತಿಕೊಂಡಿದ್ದೇ, ಪಕ್ಕದಲ್ಲಿ ಕೂತಿದ್ದ ಹೊಳವನಹಳ್ಳಿಯ ಅಜ್ಜಿ ಬಗ್ಗಿ ಗುಟ್ಟು ಹೇಳಿದರು. “ಕಾಲು ರೊಟ್ಟಿ ತಿಂದ್ಬುಟ್ಟು ಎತ್ತಿಡಪ್ಪ. ನಂಬರ್ ಚೆಂದಾಗಿ ಬತ್ತದೆ. ನಿಮ್ಮಕ್ಕನೇ ಹೇಳ್ಕೊಟ್ಟಿದ್ದು ನಂಗೆ.”

ನಗು ಬಂತು. ಹೋದರೂ ಪಾಠ ನಿಲ್ಲಿಸಿಲ್ಲ ಅಕ್ಕ.

“ಆ ಚೆಂದದ ನಂಬರೇ ಅವಳನ್ನ ಕರ್ಕೊಂಡೋಗಿದ್ದು ಕಣಜ್ಜಿ,” ಎಂದೆ.

ಅಜ್ಜಿ ಸ್ವಲ್ಪವೇ ತಿಂದು ಕಟ್ಟಿಟ್ಟಿದ್ದ ಇಡ್ಲಿಯ ಗಂಟನ್ನು ಮತ್ತೆ ಬಿಚ್ಚಿ ಕೈ ಚಾಚಿದರು. “ಚಟ್ನಿ ಹಾಕು ಹಂಗಾದ್ರೆ.”

ಹಾಕಿದೆ. ನನ್ನ ರೊಟ್ಟಿಯನ್ನು ಯಾರ ಕಡೆಗೂ ತಳ್ಳದೆ ಪೂರ್ತಿ ತಿಂದೆ.