ಅರ್ಲೀನಳ ಬಟ್ಟೆಚೀಲ

ಹ್ಯೂಸ್ಟನ್ನಿನ ನಮ್ಮ ಬೀದಿಯಲ್ಲಿ ಅರ್ಲೀನ್ ಟಿಬ್ಸ್ ಎಂದರೆ ಮೊದಲು ನೆನಪಾಗುವುದು ಅವಳ ಚೀಲ. ಜೈಲಿನ ಗೇಟಿನಲ್ಲಿ ತೋಳಿಲ್ಲದ ಅಂಗಿ ನಡೆಯುವುದಿಲ್ಲ, ಬಿಳಿ ಬಟ್ಟೆಯಂತೂ ಕೂಡದು. ಬಿಳಿಯೆಂದರೆ ಕೈದಿಗಳು ತೊಡುವ ಬಣ್ಣ. ಇದು ಗೊತ್ತಿಲ್ಲದೆ ತಮ್ಮವರನ್ನು ನೋಡಲು ಬಂದ ಹೆಂಗಸರು ಅಳುತ್ತ ಹಿಂದಿರುಗುವುದನ್ನು ನೋಡಲಾರದೆ, ಅವಳು ಒಗೆದು ಮಡಿಸಿದ ಉಡುಪುಗಳನ್ನು ಹೊತ್ತುಕೊಂಡೇ ಜೈಲಿಗೆ ಹೋಗುವ ಚರ್ಚಿನ ವ್ಯಾನು ಹತ್ತುತ್ತಿದ್ದಳು.

ಅವಳ ಮಗ ಲಯೊನೆಲ್ ಹದಿನೇಳರ ಪ್ರಾಯದಲ್ಲಿ ಒಳಗೆ ಹೋದವನು. ಗೆಳೆಯರು ಅಂಗಡಿ ದೋಚುವಾಗ ಹೊರಗೆ ಕಾರಿನಲ್ಲಿ ಕಾದಿದ್ದ. ಒಳಗೆ ಅಂಗಡಿಯವನು ಗುಂಡೇಟಿಗೆ ಸತ್ತ. ಈಗ ಲಯೊನೆಲನ ಗಡ್ಡ ನರೆತಿದೆ.

ಆಗಸ್ಟಿನ ಒಂದು ಶನಿವಾರ ಫೋನು ಬಂತು. ಜೈಲಿನ ಹೊಲದಲ್ಲಿ ಕಳೆ ಕೀಳುತ್ತಿದ್ದವನು ಬಿಸಿಲಿಗೆ ಬಿದ್ದುಬಿಟ್ಟಿದ್ದ. ಬದುಕಿದ್ದಾನೆ ಎಂದರೇ ಹೊರತು ಹೇಗಿದ್ದಾನೆ ಎನ್ನಲಿಲ್ಲ.

ಮರುದಿನ ತಿಂಗಳ ಮೊದಲ ಭಾನುವಾರ. ಅಂದು ಚರ್ಚಿನಲ್ಲಿ ನಾವು ಹಿರಿಯ ಹೆಂಗಸರೆಲ್ಲ ಬಿಳಿ ಉಡುತ್ತೇವೆ. ಆರಾಧನೆ ಮುಗಿದೊಡನೆ ನಾನು ಕಂದು ಬಟ್ಟೆ ಉಟ್ಟುಕೊಂಡೆ. ಅರ್ಲೀನ್ ಬಿಳಿಯಲ್ಲೇ ವ್ಯಾನು ಹತ್ತಿದಳು.

"ಬಿಳಿ ಕಣೇ!" ಎಂದೆ.

"ಚೀಲದಲ್ಲಿ ನೀಲಿದಿದೆ, ವೆರ್ನಾ. ಅಲ್ಲಿ ಹಾಕ್ಕೋತೀನಿ. ಮೊದಲು ವ್ಯಾನು ಹೊರಡಲಿ."

ವ್ಯಾನು ನಡೆಸುವ ಹೋರೇಸ್ ಸುಮ್ಮನಿರುವವನಲ್ಲ. "ಜೈಲಿಗೆ ಫ್ಯಾನ್ ಹಾಕ್ಸಿ ಅಂತ ಕೇಳೋಣ, ಮಿಸ್ ಅರ್ಲೀನ್. ನೀವು ಯಾವಾಗ್ಲೂ ಹೇಳೋ ಹಾಗೆ ಜೈಲೇ ಮುಚ್ಚಿ ಅಂದ್ರೆ ಯಾರು ಕೇಳ್ತಾರೆ? ಕೊಲೆಗಾರರನ್ನ ನಿಮ್ಮ ಅಡುಗೆಮನೇಲಿ ಕೂರಿಸ್ಕೋತೀರಾ?"

"ನೀನು ಕೂತು ಮೀನು ತಿಂದು ಹೋಗ್ತೀಯಲ್ಲ, ನಿನಗಿಂತ ಹೆಚ್ಚು ಯಾರು ತಿಂತಾರೆ?" ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಫ್ಯಾನ್ ಬೇಕು, ಇವತ್ತೇ ಬೇಕು. ಆದ್ರೆ ಫ್ಯಾನ್ ಬಂತು ಅಂತ ನಾನು ಬಾಯಿ ಮುಚ್ಚಲ್ಲ. ಆ ಅಂಗಡಿಯವನ ಹೆಂಡತಿಗೆ ಏನು ಸಿಕ್ತು ಹೇಳು? ನನ್ನ ಮಗನ್ನ ಇಷ್ಟು ವರ್ಷ ಕೂಡಿ ಹಾಕಿದ್ದಕ್ಕೆ ಆಕೆ ಗಂಡ ಬಂದ್ನಾ? ರಾತ್ರಿ ಅಂಗಡಿ ಬಾಗಿಲು ಹಾಕೋಕೆ ಜೊತೆಗೆ ಯಾರಿದಾರೆ ಅಂತ ಒಬ್ಬ ಜಡ್ಜೂ ಕೇಳ್ಲಿಲ್ಲ."

ಕೇಳಿದವಳು ಅರ್ಲೀನ್. ಮೊದಲ ಸಲ ಅಂಗಡಿಯವನ ಹೆಂಡತಿ ಬೈದು ಅಟ್ಟಿದಳು. ಮತ್ತೆ ಹೋದಾಗ ಪೊರಕೆ ಕೈಗಿತ್ತಳು. ಆಕೆ ಅಂಗಡಿ ಮಾರುವವರೆಗೂ ಅರ್ಲೀನ್ ಸಂಜೆಗೆ ಅಲ್ಲಿ ಕಸ ಗುಡಿಸಿದಳು.

ಗೇಟಿನಲ್ಲಿ, ಅಂದು ನಮ್ಮ ವ್ಯಾನಿನಲ್ಲಿ ಹೊಸದಾಗಿ ಬಂದಿದ್ದ ತನೀಯಾ ಎಂಬ ಹುಡುಗಿಯನ್ನು ತಡೆದರು. ತೋಳಿಲ್ಲದ ಅಂಗಿ. ಗಂಡನನ್ನು ಮೊದಲ ಸಲ ನೋಡಲು ಬಂದವಳು ಅಲ್ಲೇ ಕುಸಿದು ಕೂತಳು. ಅರ್ಲೀನಳ ಕಣ್ಣು ಜೈಲಿನೊಳಗಿನ ಆಸ್ಪತ್ರೆ ಕಟ್ಟಡದ ಮೇಲಿತ್ತು. ಕೈ ಮಾತ್ರ ಎಂದಿನಂತೆ ಚೀಲಕ್ಕೆ ಹೋಗಿ ನೀಲಿ ಉಡುಪನ್ನು ತೆಗೆದುಕೊಟ್ಟಿತು. ಇನ್ನೊಂದಿರಬೇಕು ಎಂದುಕೊಂಡೆ. ಮಿಕ್ಕವನ್ನು ಸಾಲಿನಲ್ಲಿ ಮುಂದಿದ್ದವರು ಆಗಲೇ ತೊಟ್ಟು ಹೋಗಿದ್ದರು.

"ಬಿಳಿ. ಒಳಗೆ ಬಿಡಕ್ಕಾಗಲ್ಲ," ಎಂದಳು ಕಾವಲಿನವಳು.

ಅರ್ಲೀನ್ ತಲೆ ಬಗ್ಗಿಸಿ ತನ್ನನ್ನೇ ನೋಡಿಕೊಂಡಳು. ಚೀಲದಲ್ಲಿ ಕೈಯಾಡಿಸಿದಳು.

"ನಂದು ತಗೋ," ಎಂದೆ.

"ನಿನ್ನ ಅಂಗೀಲಿ ನನ್ನ ಒಂದು ತೋಳೂ ತೂರಲ್ಲ ಕಣೇ." ಅವಳು ಖಾಲಿ ಚೀಲವನ್ನು ಮಡಿಸಿದಳು. "ನೀನು ಹೋಗು. ಅವನು ಹೇಗಿದಾನೆ ನೋಡು."

ಒಳಗೆ ಲಯೊನೆಲನನ್ನು ಇನ್ನೂ ತಂದಿರಲಿಲ್ಲ. ಕೈದಿ ಬರೆದುಕೊಟ್ಟ ಭೇಟಿಯವರ ಪಟ್ಟಿಯಲ್ಲಿಲ್ಲದವರ ಮುಂದೆ ಅವನನ್ನು ತರುವುದೂ ಇಲ್ಲ; ಲಯೊನೆಲನ ಪಟ್ಟಿಯಲ್ಲಿ ನಾನಿಲ್ಲ. ನಾನು ನೋಡಬೇಕಾದವನು ಅದೇ ಜೈಲಿನಲ್ಲಿರುವ ನನ್ನ ತಮ್ಮ. ತನೀಯಾ ಗಂಡನ ಕೈ ಹಿಡಿದು ಕೂತಿದ್ದಳು. ಅವಳ ಸಂತೋಷ ಕೆಡಿಸಲಾರದೆ ನಾನು ತಮ್ಮನತ್ತ ತಿರುಗಿದೆ. ಅವಳೇ ಕೇಳಿದಳು, "ಆಂಟಿ, ಬಟ್ಟೆ ಕೊಟ್ಟ ಅಮ್ಮ ಯಾಕೆ ಬರ್ಲಿಲ್ಲ?"

ಹೇಳಿದೆ.

"ಎದ್ದು ಹೋದ್ರೆ ಮತ್ತೆ ಬಿಡಲ್ಲ," ಎಂದ ಬಾಗಿಲ ಬಳಿಯ ಕಾವಲಿನವ.

ತನೀಯಾ ಗಂಡನ ಮುಖ ನೋಡಿದಳು. "ಹೋಗು," ಎಂದ ಅವನು, ಕೈ ಬಿಡದೆಯೇ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಎದ್ದಳು.

ಭೇಟಿಯ ಹೊತ್ತು ಮುಗಿಯಲು ಇನ್ನು ಸ್ವಲ್ಪವೇ ಇದ್ದಾಗ ಅರ್ಲೀನ್ ಒಳಗೆ ಬಂದಳು, ಬೆವರಿಗೆ ಒದ್ದೆಯಾಗಿದ್ದ ಅದೇ ನೀಲಿ ಉಡುಪಿನಲ್ಲಿ. ಲಯೊನೆಲನನ್ನು ಗಾಲಿಕುರ್ಚಿಯಲ್ಲಿ ತಂದರು. ಸುಟ್ಟ ತುಟಿ, ಕೈಗೆ ಬೇಡಿ.

"ಅಮ್ಮಾ, ಈ ಬಟ್ಟೇನ ಎಲ್ಲರ ಅಮ್ಮಂದಿರ ಮೈಮೇಲೂ ನೋಡಿದೀನಿ. ಇವತ್ತು ನಿನ್ನ ಸರದಿನಾ?"

ಅವಳು ನಗಲು ಹೋಗಿ ಅವನ ಹಣೆ ಮುಟ್ಟಿ ನೋಡಿದಳು. "ನಾಳೆ ಹೊಲಕ್ಕೆ ಕಳಿಸ್ತಾರಾ?"

"ಗೊತ್ತಿಲ್ಲಮ್ಮ."

ವಾಪಸು ಬರುವಾಗ ತನೀಯಾ ಅವಳ ಹೆಗಲಿಗೊರಗಿ ನಿದ್ದೆಹೋದಳು. ಅರ್ಲೀನ್ ಕಿಟಕಿಯ ಗಾಜಿಗೆ ಅಂಗೈ ಒತ್ತಿಕೊಂಡಿದ್ದಳು. ಗಾಜು ಸಂಜೆಯಾದರೂ ಸುಡುತ್ತಿತ್ತು.

"ಹೋರೇಸ್, ನಾಳೆ ಬಿಸಿಲು ಹೇಗಂತೆ?"

ಅವನು ರೇಡಿಯೋ ಆರಿಸಿದ. "ಇವತ್ತಿಗಿಂತ ಜಾಸ್ತಿಯಂತೆ, ಮಿಸ್ ಅರ್ಲೀನ್."