ಜೋಡಿ ರೂಪಾಯಿ

ಮೊರಬದ ಬಸ್ ಸ್ಟ್ಯಾಂಡಿನ ಪಕ್ಕ ಝೆರಾಕ್ಸ್ ಅಂಗಡಿ ಇಟ್ಟಿರುವ ಅಂದಾನೆಪ್ಪನಿಗೆ ಎರಡು ಹೆಮ್ಮೆ. ಒಂದು, ಅವನ ಮಶಿನ್ನಿನಲ್ಲಿ ಆಧಾರ್ ಕಾರ್ಡಿನ ಫೋಟೋ ಕೂಡ ಮನುಷ್ಯರ ಹಾಗೆ ಬರುತ್ತದೆ. ಇನ್ನೊಂದು, ಅವನ ಕೈಬರಹದ ಚೀಟಿ. ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯಗಳನ್ನು ಕೂಡಿಸುವ ಹುಚ್ಚರು ನಮ್ಮ ಸೀಮೆಯಲ್ಲಿ ಒಂದು ವಾಟ್ಸಾಪ್ ಗುಂಪಿಗೆ ಸಾಕಾಗುವಷ್ಟಿದ್ದಾರೆ. ಕೊಂಡವನಿಗೂ ಮಾರಿದವನಿಗೂ ಜಗಳ ಎದ್ದಾಗಲೆಲ್ಲ, ಇದು ಟಂಕಸಾಲೆಯ ತಪ್ಪೋ, ಆಮೇಲೆ ಯಾವನೋ ಬಡಿದು ಮಾಡಿದ್ದೋ ಎಂದು ಕೇಳುವುದು ಅಂದಾನೆಪ್ಪನನ್ನೇ. ಅವನು ಭೂತಗನ್ನಡಿ ಹಿಡಿದು ನೋಡಿ, ಗೆರೆಹಾಳೆಯ ಮೇಲೆ ‘ಹುಟ್ಟುತಪ್ಪು’ ಎಂದೋ ‘ಮಾಡಿದ ತಪ್ಪು’ ಎಂದೋ ಬರೆದು ಸಹಿ ಹಾಕಿದರೆ ಜಗಳ ಮುಗಿಯಿತು. ಹನ್ನೆರಡು ವರ್ಷದಲ್ಲಿ ನೂರಾ ನಲವತ್ತು ಚೀಟಿ, ಒಂದೂ ಸುಳ್ಳಾಗಿರಲಿಲ್ಲ. ಹೊಲವಿಲ್ಲ, ಹುದ್ದೆಯಿಲ್ಲ. ಇದ್ದ ಮರ್ಯಾದೆಯೆಲ್ಲ ಆ ಚೀಟಿಯದೇ.

ಒಂದು ಭಾನುವಾರ ಬೆಳಿಗ್ಗೆ ಕುಂದಗೋಳದ ತಬಸುಮ್ ಟೀಚರು ಅಂಗಡಿಯ ಹಿಂದಿನ ಅವನ ಮನೆಗೇ ಬಂದು ಕೂತರು. ಎರಡು ವರ್ಷದ ಹಿಂದೆ ಅವರು ಅವನಿಂದ ಒಂದು ನಾಣ್ಯ ಕೊಂಡಿದ್ದರು, ಚೀಟಿ ಸಮೇತ. 1998ರ ಉಕ್ಕಿನ ರೂಪಾಯಿ. ಒಂದು ಬದಿಯಲ್ಲಿ ಒಂದರ ಅಂಕಿ, ತೆನೆ ಎಲ್ಲ ಸರಿಯಾಗಿದ್ದವು. ಸಿಂಹ ಇರಬೇಕಾದ ಇನ್ನೊಂದು ಬದಿಯಲ್ಲೂ ಅದೇ ಅಂಕಿ, ಅದೇ ತೆನೆ, ಆದರೆ ಕನ್ನಡಿಯೊಳಗಿನಂತೆ ತಿರುವುಮುರುವಾಗಿ, ಒಳಕ್ಕೆ ತಗ್ಗಾಗಿ. ಟಂಕಸಾಲೆಯಲ್ಲಿ ಹಿಂದಿನ ನಾಣ್ಯ ಸಿಂಹದ ಅಚ್ಚಿಗೆ ಅಂಟಿಕೊಂಡು ಉಳಿದರೆ ಮುಂದಿನದು ಹೀಗೆ ಹುಟ್ಟುತ್ತದೆ, ಲಕ್ಷಕ್ಕೊಂದು. ಅಂದಾನೆಪ್ಪನಿಗೆ ಅದು ತನ್ನ ಹಳೆಯ ಪಾಕೀಟಿನ ಮೂಲೆಯಲ್ಲಿ ಸಿಕ್ಕಿತ್ತು. ಯಾವಾಗಲೋ ಅಂಗಡಿಯ ಚಿಲ್ಲರೆಯಲ್ಲಿ ಬಂದಿರಬೇಕು ಎಂದುಕೊಂಡಿದ್ದ.

“ಕಾಕಾ, ಇದನ್ನ ಹುಬ್ಬಳ್ಳ್ಯಾಗ ಒಬ್ಬ ವ್ಯಾಪಾರಿಗೆ ಕೊಟ್ಟು ಬ್ಯಾರೆ ನಾಣ್ಯ ತಗೊಂಡಿದ್ದೆ” ಎಂದರು ಟೀಚರು. “ಅಂವ ತಿರುಗಿ ಒಗದಾನ್ರಿ. ತಗ್ಗಿನ್ಯಾಗ ಸಿಂಹದ ಕಿವಿ ಕಾಣ್ತೈತಿ ಅಂತಾನ. ಹುಟ್ಟುತಪ್ಪು ಆಗಿದ್ರ ಆ ಬಾಜುಕ ಸಿಂಹದ ಅಚ್ಚು ಬೀಳೂದ ಇಲ್ಲಲ್ರಿ, ಕಿವಿ ಎಲ್ಲಿಂದ ಬಂತು ಅಂತ ಕೇಳ್ತಾನ. ನಮ್ಮಣ್ಣ ಬಾಬಾಸಾಬಂದು ಗ್ಯಾರೇಜ್ ಐತಿ ನೋಡ್ರಿ. ಅಲ್ಲಿ ನಾನ ಒತ್ತಿಸೀನಿ ಅಂತ ಗುಂಪಿನ್ಯಾಗ ಬರದಾನ. ನಮ್ಮ ಸಾಲಿ ಮಾಸ್ತರು ಇಬ್ಬರು ಆ ಗುಂಪಿನ್ಯಾಗ ಅದಾರ. ನೀವು ಕೊಟ್ಟಾಗ ಹಿಂಗ ಇತ್ತು ಅಂತ ಒಂದ ಮಾತು ಬರದ ಕೊಡ್ರಿ.”

ಅಂದಾನೆಪ್ಪ ಭೂತಗನ್ನಡಿ ಹಿಡಿದ. ಕಿವಿ ಇತ್ತು. ಸಣ್ಣದು, ಜೋಳದ ತೌಡಿನ ಚೂರಿನಷ್ಟು. ಅವತ್ತು ಯಾಕೆ ಕಾಣಲಿಲ್ಲ? ಮಂದಿಯ ನಾಣ್ಯವನ್ನು ಅನುಮಾನದಿಂದ ನೋಡುವ ಕಣ್ಣು ತನ್ನದನ್ನು ಆಸೆಯಿಂದ ನೋಡಿತ್ತು, ಅಷ್ಟೇ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನಲ್ಲ.

ಅತ್ತ ದರಿ, ಇತ್ತ ಪುಲಿ. ಕೊಟ್ಟಾಗಲೇ ಹೀಗಿತ್ತು ಎಂದು ಬರೆದರೆ ಅವನ ಚೀಟಿ ಸುಳ್ಳು, ಒಂದು ಸುಳ್ಳಾದರೆ ನೂರಾ ನಲವತ್ತನ್ನೂ ಮಂದಿ ತಿರುಗಿಸಿ ನೋಡುತ್ತಾರೆ. ಬರೆಯದಿದ್ದರೆ ಎದುರಿಗೆ ಕೂತ ಹೆಣ್ಣುಮಗಳು ಮೋಸಗಾರ್ತಿ. ಬಾಬಾಸಾಬನೇ ಒತ್ತಿರಬಾರದೇಕೆ ಎಂದು ನಂಬಲು ಕೂಡ ಅವನು ಒಂದು ಗಳಿಗೆ ನೋಡಿದ. ತನ್ನ ಕೈಯಿಂದ ಹೋದಾಗ ಹೇಗಿತ್ತೆಂದು ಗೊತ್ತಿದ್ದೂ ಹಾಗೆ ಯೋಚಿಸಿದ್ದಕ್ಕೆ ಅವನಿಗೆ ಅಸಹ್ಯವಾಯಿತು. ಆದರೂ ಬಾಯಿಗೆ ಬಂದದ್ದು ಬೇರೆ.

“ಎರಡ ದಿನ ಟೈಮ್ ಕೊಡ್ರಿ ಟೀಚರ್ರ. ಇನ್ನೂ ನೋಡಬೇಕು.”

ಚಹಾ ತಂದಿದ್ದ ಹೆಂಡತಿ ಭಾಗ್ಯಾ ಲೋಟ ಇಟ್ಟವಳು ನಾಣ್ಯವನ್ನು ನೋಡಿದಳು. ಎತ್ತಿ ತಿರುಗಿಸಿದಳು.

“ಇದು ನಿಮ್ಮ ಕಡೆ ಹೆಂಗ ಬಂತವ್ವಾ?”

“ಕಾಕಾರ ಮಾರಿದ್ರಲ್ರಿ.”

ಭಾಗ್ಯಾ ಗಂಡನ ಮುಖ ನೋಡಲಿಲ್ಲ. ಒಳಗೆ ಹೋಗಿ ದೇವರ ಜಗಲಿಯಿಂದ ಅರಿಶಿನದ ಬಟ್ಟೆಯ ಸಣ್ಣ ಗಂಟೊಂದನ್ನು ತಂದು ಬಿಚ್ಚಿದಳು. ಅದರಲ್ಲೊಂದು ರೂಪಾಯಿ. ಅದನ್ನು ಟೀಚರ ನಾಣ್ಯದ ಮೇಲಿಟ್ಟು ಹೆಬ್ಬೆರಳಿನಿಂದ ತಿರುಗಿಸುತ್ತ ಹೋದಳು. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತುಬಿಟ್ಟಿತು. ಆಮೇಲೆ ತಿರುಗಿಸಿದರೂ ತಿರುಗಲಿಲ್ಲ.

“ನಮ್ಮಪ್ಪ ಅಣ್ಣಿಗೇರ್ಯಾಗ ಹತ್ತಿ ಅಂಡಿಗಿ ಒತ್ತೂ ಪ್ರೆಸ್ಸಿನ್ಯಾಗ ಇದ್ದ” ಎಂದಳು ಟೀಚರಿಗೆ. “ಮನ್ಯಾಗ ಲಗ್ನದ ಮಗಳು ಇದ್ದವರು ಆಯುಧ ಪೂಜಿ ದಿನ ಎರಡು ರೂಪಾಯಿ ಜೋಡಿಸಿ ಪ್ರೆಸ್ಸಿನ ಬುಡಕ ಇಡ್ತಿದ್ರು. ಒತ್ತಿದ ಮ್ಯಾಲ ಒಂದು ಮಗಳಿಗೆ, ಒಂದು ಅಳಿಯಗ. ನಮ್ಮ ಲಗ್ನದಾಗ ಅಕ್ಕಿಕಾಳು ಬೀಳೂ ಮುಂದ ಅಪ್ಪ ತನ್ನ ಕೈಯಾರೆ ಇವರ ಕಿಸೇಕ ಹಾಕಿದ್ದ.”

ಅಂದಾನೆಪ್ಪನಿಗೆ ಆಗ ನೆನಪಾಯಿತು: ಹಂದರದ ಗದ್ದಲ, ಮಾವನ ಒರಟು ಕೈ, ಹೊಸ ಪಾಕೀಟು. ನಾಣ್ಯದ ಹುಚ್ಚು ಹತ್ತಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಊರಮಂದಿಯ ನಾಣ್ಯಗಳ ಹುಟ್ಟು ಹೇಳುತ್ತಿದ್ದವನಿಗೆ ತನ್ನ ಲಗ್ನದ ರೂಪಾಯಿಯ ಗುರುತು ಸಿಕ್ಕಿರಲಿಲ್ಲ.

ಇನ್ನು ನೋಡುವುದೇನೂ ಉಳಿದಿರಲಿಲ್ಲ. ಅವನು ಹಾಳೆ ತೆಗೆದು ನೂರಾ ನಲವತ್ತೊಂದನೆಯ ಚೀಟಿ ಬರೆದ. ‘ಮಾಡಿದ ತಪ್ಪು. ನಾನು ಕೊಟ್ಟಾಗಲೇ ಹೀಗಿತ್ತು. ಹುಟ್ಟುತಪ್ಪು ಎಂದು ಬರೆದವನು ನಾನೇ. ಟೀಚರದಾಗಲಿ ಅವರ ಅಣ್ಣನದಾಗಲಿ ಏನೂ ತಪ್ಪಿಲ್ಲ.’ ಫೋಟೋ ತೆಗೆದು ಗುಂಪಿಗೂ ಹಾಕಿದ.

ಟೀಚರು ಚೀಟಿ ಮಡಚಿಕೊಂಡರು, ಏಳಲಿಲ್ಲ. “ಹೆಂಗ ಕೇಳ್ಲಿ ಅನಸ್ತೈತ್ರಿ ಅಕ್ಕಾ” ಎಂದರು ಭಾಗ್ಯಾಳಿಗೆ. “ಬರೇ ಚೀಟಿ ನೋಡಿ ಆ ವ್ಯಾಪಾರಿ ನಂಬೂದಿಲ್ಲ. ಕಾಕಾ ನನ್ನ ಪರ ಬರದಾರ ಅಂತಾನ. ಜೋಡಿ ಕೂಡಿಸಿ ತೋರಿಸಿದ್ರ ಮಾತಾಡಾಕ ಬರೂದಿಲ್ಲ. ಆಮ್ಯಾಲ ಎರಡೂ ತಂದ ಕೊಡ್ತೇನ್ರಿ.”

ಬೇಡ ಎನ್ನಬೇಕೆಂದು ಅಂದಾನೆಪ್ಪನ ನಾಲಿಗೆಯ ತುದಿಗೆ ಬಂತು. ಯಾವ ಬಾಯಿಂದ ಅಂದಾನು?

“ಒಯ್ರಿ” ಎಂದಳು ಭಾಗ್ಯಾ. “ತಿರುಗಿ ತರೂದ ಬ್ಯಾಡ. ಇದರ ಜೋಡಿ ಮನ್ಯಾಗಿಲ್ಲ ಅನ್ನೂದ ಗೊತ್ತಿಲ್ಲದ ಎರಡು ವರ್ಷ ಪೂಜಿ ಮಾಡೇನಿ. ಅಲ್ಲೆರ ಎರಡೂ ಕೂಡಿ ಇರ್ಲಿ.”

ಟೀಚರು ತಲೆ ತಗ್ಗಿಸಿ ಎರಡನ್ನೂ ಪರ್ಸಿನಲ್ಲಿ ಹಾಕಿಕೊಂಡು ಬಸ್ಸಿಗೆ ಹೋದರು. ಮಧ್ಯಾಹ್ನದೊಳಗೆ ಗುಂಪಿನಲ್ಲಿ ಹನ್ನೊಂದು ಮಂದಿ ತಮ್ಮ ತಮ್ಮ ಚೀಟಿಯ ನಂಬರು ಹಾಕಿ, ಇನ್ನೊಮ್ಮೆ ನೋಡಿಕೊಡಬೇಕೆಂದು ಕೇಳಿದ್ದರು. ನಿಮ್ಮ ಚೀಟಿಯೇ ಬೇಡ ಎಂದು ಯಾರಾದರೂ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮೊದಲಿನವನು ಆಗಲೇ ನಾಣ್ಯ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಂದಾನೆಪ್ಪ ಭೂತಗನ್ನಡಿ ಎತ್ತಿಕೊಂಡ. ಅದರ ಮೇಲೆಲ್ಲ ಬೆವರಿನ ಬೆರಳಚ್ಚು.

ಭಾಗ್ಯಾ ಬರಿದಾದ ಅರಿಶಿನದ ಬಟ್ಟೆಯನ್ನು ಝಾಡಿಸಿ ಅವನ ಮುಂದಿಟ್ಟಳು.

“ತಗೋರಿ. ಕನ್ನಡಿ ಒರಸಾಕ ಆಗ್ತೈತಿ.”

ಬಾಗಿಲಲ್ಲಿ ನಿಂತವನು ನೋಡುತ್ತಿದ್ದ. ಅಂದಾನೆಪ್ಪ ಆ ಬಟ್ಟೆಯಿಂದಲೇ ಒರೆಸಿದ.