ಸಂದಿಲ್ಲದ ಕೋಳಿಗೂಡು

ಸಾಂಬ್ರಾಣಿ ಹೊಗೆಯೂ ಕೋಳಿ ಹಿಕ್ಕೆಯೂ ಒಟ್ಟಿಗೇ ಮೂಗಿಗೆ ಬಡಿದರೆ ಹೇಗಿರುತ್ತದೆಂದು ನಿಮಗೆ ತಿಳಿಯದಿದ್ದರೆ ನೀವು ಪುಣ್ಯವಂತರು. ಹೋದ ಶನಿವಾರ ಅರೋರಾ ಎಂಬ ಊರಿನಲ್ಲಿ, ದಿಲೀಪನೆಂಬ ಸಾಫ್ಟ್‌ವೇರ್ ಹುಡುಗನ ಹಿತ್ತಲಲ್ಲಿ, ನಾನು ಕಟ್ಟಿದ ಕೋಳಿಗೂಡನ್ನು ವ್ಯಾನಿನಿಂದ ಇಳಿಸಿ ಕೂರಿಸಿದ್ದೆ. ಕೋಳಿಗಳನ್ನು ಒಳಗೆ ಬಿಟ್ಟು, ಹಿಡಿದುಕೊಂಡ ಬೆನ್ನನ್ನು ನೆಟ್ಟಗೆ ಮಾಡುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಅವನ ತಾಯಿ ಮನೆಯೊಳಗೆ ದೇವರಿಗೆ ಸಾಂಬ್ರಾಣಿ ಹಾಕಿ, ನನಗೆ ಕಾಫಿ ಕೊಡಲು ಹಿಂಬಾಗಿಲು ತೆಗೆದರು. ಹೊಗೆ ಹೊರಗೆ ಬಂತು. ನಮ್ಮ ಅತ್ತೆಯೇ ಎದುರಿಗೆ ಬಂದು ನಿಂತಂತಾಯಿತು. ದೇವರ ನೆನಪಾಗಬೇಕಾದ ವಾಸನೆಗೆ ಅತ್ತೆಯ ನೆನಪಾಗುವ ಅಳಿಯ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಯಾಕೆಂದು ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ನಾನು ಬಡಗಿ. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಮಂಡ್ಯದಲ್ಲಿ ಸೋದರಮಾವನ ಮರಗೆಲಸದ ಅಂಗಡಿ ಸೇರಿದವನು. ಹೆಂಡತಿ ಸವಿತಾ ನರ್ಸು. ಅವಳ ಕೆಲಸದ ಬೆನ್ನು ಹಿಡಿದು ಈ ದೇಶಕ್ಕೆ ಬಂದೆ. ಮಿಷಿಗನ್ನಿನ ಟ್ರಾಯ್ ಊರಿನ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಯಾರಾದರೂ "ಯಾವ ಕಂಪನಿ ಸರ್?" ಎಂದು ಕೇಳುತ್ತಾರೆ. "ನಂದೇ" ಎನ್ನುತ್ತೇನೆ. ಸುಳ್ಳಲ್ಲ. ಒಂದು ವ್ಯಾನು, ಎರಡು ಗರಗಸ ಮತ್ತು ನಾನು, ಇಷ್ಟೇ ಕಂಪನಿ. ಆದರೆ ಕೆಲಸದ ವಿಷಯಕ್ಕೆ ಬಂದರೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವವನಲ್ಲ. ನಾನು ಕೂರಿಸಿದ ಬಾಗಿಲ ಸಂದಿಯಲ್ಲಿ ಮದುವೆ ಕಾಗದ ತೂರಿಸಲು ನೋಡಿ, ಕಾಗದವೇ ಮಡಚಿಕೊಳ್ಳುತ್ತದೆ. ತಿರುಪು ಹೊರಗೆ ಕಾಣುವಂತೆ ಕೀಲು ಹಾಕುವುದೆಂದರೆ ಷರ್ಟಿನ ಗುಂಡಿ ಹಾಕದೆ ಬೀಗರ ಮನೆಗೆ ಹೋದಂತೆ. ನನ್ನಿಂದ ಆಗದು.

ನಾವಿದ್ದದ್ದು ಟ್ರಾಯ್‌ಗಿಂತ ಇನ್ನಷ್ಟು ಉತ್ತರಕ್ಕೆ, ಹಿತ್ತಲು ದೊಡ್ಡದಾಗಿ ಮನೆ ಚಿಕ್ಕದಾಗಿರುವ ಕಡೆ. ಸವಿತಾಳ ಹೆರಿಗೆಗೆಂದು ಅತ್ತೆ ಬಂದರು. ಅವರ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಬಾಣಂತಿ ಸಾಮಾನೇ ಹೆಚ್ಚು. ಬಜೆ, ಒಣಶುಂಠಿ, ಇಡೀ ಬೀದಿಗೆ ಸಾಲುವಷ್ಟು ಸಾಂಬ್ರಾಣಿ. ಬಂದ ಮರುದಿನ ಫ್ರಿಜ್ಜು ತೆಗೆದು ಅಂಗಡಿಯ ಬಿಳೀ ಮೊಟ್ಟೆ ನೋಡಿದರು.

"ಇದೇನು ಅಳಿಮಯ್ಯ, ಮೊಟ್ಟೆಗೂ ಸುಣ್ಣ ಬಳುದವ್ರೆ?"

"ಇಲ್ಲಿ ಹಂಗೇ ಅತ್ತೆ."

"ಬಾಣಂತಿ ಇದ ತಿಂದು ಎದ್ದೇಳದುಂಟಾ? ಅಷ್ಟಗಲ ಹಿತ್ಲು ಮಡಿಕಂಡು ಹುಲ್ಲು ಕುಯ್ತಾ ಕೂತಿದ್ದೀರಲ್ಲ, ಎಲ್ಡು ಕೋಳಿ ಸಾಕಬಾರ್ದಾ?"

ಐದು ಕೋಳಿ ತಂದೆ. ಮೊಟ್ಟೆಗೂ ಆಯಿತು, ಬಾಣಂತಿಯ ಸಾರಿಗೂ ಆಯಿತು ಎಂದು ಲೆಕ್ಕ. ಆದರೆ ವಾರ ಕಳೆಯುವುದರೊಳಗೆ ಅತ್ತೆ ಅವಕ್ಕೆಲ್ಲ ಹೆಸರಿಟ್ಟರು. ಹೆಸರಿಟ್ಟ ಮೇಲೆ ಮಸಾಲೆ ಅರೆಯುವುದು ಹೇಗೆ? ಎಲ್ಲಕ್ಕಿಂತ ದಪ್ಪಗೆ, ಕೆಂಪು ಜುಟ್ಟಿನದು ಗುಂಡಮ್ಮ. ಅದರ ಎದುರಿಗೆ ಸಾರಿನ ಮಾತೆತ್ತಿದ್ದಕ್ಕೆ ನನಗೆ ಒಂದು ದಿನ ಕಾಫಿ ಸಿಗಲಿಲ್ಲ.

ಮಿಷಿಗನ್ನಿನ ಚಳಿ ಬರುವುದಿತ್ತು. ಕೋಳಿಗಳನ್ನು ಚಳಿಗಾಲ ದಾಟಿಸುವುದು ಈಗ ನನ್ನ ಮರ್ಯಾದೆಯ ಪ್ರಶ್ನೆ. ಮನುಷ್ಯ ಒಳಗೆ ನಿಲ್ಲುವಷ್ಟು ಎತ್ತರದ ಗೂಡು ಕಟ್ಟಿದೆ. ಎರಡು ಪದರ ಪ್ಲೈವುಡ್, ನಡುವೆ ಥರ್ಮೋಕೋಲ್, ಬೆಳಕಿಗೆ ಒಂದು ಕಿಟಕಿ, ತೆಗೆಯಲು ಬಾರದ ಜೋಡಿ ಗಾಜಿನದು. ಬಾಗಿಲ ಸುತ್ತ ರಬ್ಬರ್ ಪಟ್ಟಿ. ಕೀಲುಗಳು ಒಳಗೆ. ಅತ್ತೆ ಮೇಣದಬತ್ತಿ ಹಚ್ಚಿಕೊಂಡು ಗೋಡೆಯುದ್ದಕ್ಕೂ ಹಿಡಿದು ಪರೀಕ್ಷೆ ಮಾಡಿದರು. ಉರಿ ಅಲುಗಲಿಲ್ಲ.

"ಭೇಷ್ ಅಳಿಮಯ್ಯ. ಗಾಳಿ ತಾಕುದ್ರೆ ಸನ್ನಿ ಹಿಡೀತದೆ, ಬಾಣಂತಿಗಾದ್ರೂ ಅಷ್ಟೆ, ಕೋಳಿಗಾದ್ರೂ ಅಷ್ಟೆ."

ಮದುವೆಯಾದಾಗಿನಿಂದ ನನಗೂ ಅತ್ತೆಗೂ ಒಮ್ಮತ ಬಂದದ್ದು ಅದೇ ಮೊದಲು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮಗಳು ಹುಟ್ಟಿದಳು. ಆಮೇಲೆ ನಮ್ಮ ಮನೆಯಲ್ಲಿ ಆರು ಬಾಣಂತಿಯರು, ಮಹಡಿಯಲ್ಲಿ ಒಬ್ಬಳು, ಹಿತ್ತಲಲ್ಲಿ ಐದು. ಸವಿತಾಳ ಕೋಣೆಯ ಕಿಟಕಿ ಮುಚ್ಚಿ, ಪರದೆ ಎಳೆದು, ತಲೆಗೆ ಉಣ್ಣೆಯ ಸ್ಕಾರ್ಫು ಬಿಗಿದು, ಕಿವಿಗೆ ಹತ್ತಿ ಇಟ್ಟರು. ಅದೇ ಹತ್ತಿ ಹಿಡಿದುಕೊಂಡು ಹಿತ್ತಲಿಗೂ ಹೋದರು. ಗುಂಡಮ್ಮನನ್ನು ಕಂಕುಳಲ್ಲಿ ಅವುಚಿಕೊಂಡು ಅದರ ಕಿವಿ ಎಲ್ಲಿದೆ ಎಂದು ಹುಡುಕುತ್ತ ಕೂತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಗಲಿಲ್ಲ. ಸಿಕ್ಕಿದ್ದರೆ ಅದಕ್ಕೂ ಸ್ಕಾರ್ಫು ಬೀಳುತ್ತಿತ್ತು.

ಮಗುವಿಗೂ ತಾಯಿಗೂ ಸಾಂಬ್ರಾಣಿ ಹಾಕಿ ಉಳಿದ ಕೆಂಡ ಗೂಡಿಗೆ ಹೋಗುತ್ತಿತ್ತು. ಒಂದು ಎಳೆ ಹೊಗೆ ಹೊರಗೆ ಸೋರುತ್ತಿರಲಿಲ್ಲ, ಅಷ್ಟು ಗಟ್ಟಿ ಕೆಲಸ ನನ್ನದು. ಆದರೆ ಒಂದು ದಿನ ಬಾಗಿಲು ತೆಗೆದಾಗ ಒಟ್ಟಿಗೇ ನುಗ್ಗಿತು ನೋಡಿ, ಅದರ ನಡುವಿನಿಂದ ಕೋಳಿಗಳು ಕೆಮ್ಮುತ್ತ ಬಂದವು. ಪಕ್ಕದ ಮನೆಯ ವಾಲ್ಟ್, ಹುಟ್ಟಿದಾಗಿನಿಂದ ಕೋಳಿಗಳ ನಡುವೆಯೇ ಬೆಳೆದ ಮುದುಕ, ಬೆಂಕಿ ಆರಿಸುವ ಸಿಲಿಂಡರು ಎತ್ತಿಕೊಂಡು ಚಪ್ಪಲಿಯಲ್ಲೇ ಹಿಮ ತುಳಿಯುತ್ತ ಓಡಿ ಬಂದ. ಬೆಂಕಿಯಿಲ್ಲವೆಂದು ತಿಳಿದು ಗೂಡಿನ ಸುತ್ತ ಒಂದು ಸುತ್ತು ಹಾಕಿದ. ಕಿಂಡಿ ಎಲ್ಲಿ ಎಂದು ಕೇಳಿದ. ಕಿಂಡಿ ಇಲ್ಲ ಎಂದು ಹೆಮ್ಮೆಯಿಂದ ಹೇಳಿದೆ. "ಇದು ಕೋಳಿಗೂಡಲ್ಲಪ್ಪ, ಸಬ್‌ಮರೀನು" ಎಂದ. ನಾನು ಒಳಗೆ ಹೋಗಿ ಸವಿತಾಳಿಗೆ, ವಾಲ್ಟ್ ನನ್ನ ಕೆಲಸ ಬಹಳ ಹೊಗಳಿದ ಎಂದೆ.

ಥರ್ಮಾಮೀಟರು ಸೊನ್ನೆ ಫ್ಯಾರನ್‌ಹೀಟಿಗೆ ಇಳಿದ ವಾರ ಗೂಡಿನ ಒಳಗೆ ಮಳೆ ಶುರುವಾಯಿತು. ಹೊರಗೆಲ್ಲ ಒಣಗಿ ಬಿರುಕು ಬಿಡುವ ಚಳಿ, ಒಳಗೆ ಗೋಡೆ ಬೆವರುತ್ತಿದೆ, ಸೂರಿನಿಂದ ತೊಟ್ಟಿಕ್ಕುತ್ತಿದೆ. ಬೆಳಗಾದರೆ ಅದೆಲ್ಲ ಬಿಳಿಯ ಹರಳು. ಗುಂಡಮ್ಮನ ಜುಟ್ಟಿನ ತುದಿ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಪ್ಪಾಯಿತು. ಅದು ಕಾಳು ಮುಟ್ಟದೆ ಮೂಲೆ ಹಿಡಿಯಿತು. ವಾಲ್ಟ್ ಬೇಲಿಯಾಚೆಯಿಂದ ಕೂಗಿ ಹೇಳಿದ, ಕೋಳಿಗೆ ಮೈತುಂಬ ಪುಕ್ಕ ಇದೆ, ಚಳಿ ತಡೆಯುತ್ತದೆ, ಅವುಗಳ ಉಸಿರಿನ ತೇವವೇ ಒಳಗೆ ನಿಂತು ಹೆಪ್ಪುಗಟ್ಟುತ್ತಿದೆ, ಅದು ಕೊಲ್ಲುತ್ತದೆ. ಕೋಳಿ ಕೂರುವ ಮಟ್ಟಕ್ಕಿಂತ ಮೇಲೆ, ಸೂರಿನ ಕೆಳಗೆ ಕಿಂಡಿ ಕೊಯ್ಯಿ. ಇಲ್ಲದಿದ್ದರೆ ಆ ದಪ್ಪನೆಯದು ಈ ವಾರ ದಾಟುವುದಿಲ್ಲ.

ನಾನು ಕಟ್ಟಿದ ಗೋಡೆಗೆ ನಾನೇ ತೂತು ಹೊಡೆಯುವುದೇ? ರಾತ್ರಿಯೆಲ್ಲ ಅದೇ ಯೋಚನೆ. ಬೆಳಗ್ಗೆ ಗಂಜಿ ಕೊಡಲು ಹೋದಾಗ ಸವಿತಾ ಸ್ಕಾರ್ಫಿನೊಳಗಿಂದ ಹೇಳಿದಳು, "ರೀ, ಈ ಕಿಟಕಿ ನೋಡಿ." ಗಾಜಿನ ಮೇಲೆ ನೀರು ಇಳಿಯುತ್ತಿತ್ತು. "ನಿಮ್ಮ ಗೂಡಲ್ಲೂ ಹಿಂಗೇ ಅಲ್ವಾ? ಕೋಳಿಗೆ ಬಾಯಿಲ್ಲ, ನಾನು ಹೇಳ್ತೀನಿ ಕೇಳಿ. ಉಸಿರು ಕಟ್ಟುತ್ತೆ. ನಾನು ಹಾಸ್ಪಿಟಲ್‌ನಲ್ಲಿ ನೂರು ಜನಕ್ಕೆ ಕಿಟಕಿ ತೆಗೀರಿ ಅಂತೀನಿ, ನಮ್ಮಮ್ಮನಿಗೆ ಹೇಳೋ ಧೈರ್ಯ ಇಲ್ಲ. ನಿಮಗಾದ್ರೂ ಇದೆಯಾ?"

ಧೈರ್ಯದ ಮಾತು ಬಂದ ಮೇಲೆ ಗಂಡಸು ಕೂತಿರುವುದು ಹೇಗೆ? ಗರಗಸ ತೆಗೆದುಕೊಂಡು ಹಿತ್ತಲಿಗೆ ಹೋದೆ. ಅತ್ತೆ ನನಗಿಂತ ಮೊದಲೇ ಅಲ್ಲಿದ್ದರು. ಮಂಕಿ ಕ್ಯಾಪು, ಎರಡು ಸ್ವೆಟರು, ಮೇಲೊಂದು ಕಂಬಳಿ, ಕೈಯಲ್ಲಿ ಧೂಪದ ಬಟ್ಟಲು.

"ಗೂಡ ಕುಯ್ಯೋಕ್ ಬಂದ್ರಾ? ಆ ಮುದುಕುನ್ ಮಾತ ಕೇಳ್ಕಂಡು? ನಾನ್ ಒಳೀಕ್ ಹೋಗಿ ಕೂತ್ಕತೀನಿ. ಮೊದ್ಲು ನನ್ನ ಕುಯ್ರಿ!"

ಒಳಗೆ ಹೋಗಿ ಬಾಗಿಲೆಳೆದುಕೊಂಡರು. ಮುಚ್ಚಿಕೊಂಡ ಸದ್ದು ಕೇಳಬೇಕಿತ್ತು ನೀವು, ಬ್ಯಾಂಕಿನ ಲಾಕರಿನಂಥ ಸದ್ದು. ಆ ಕ್ಷಣದಲ್ಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು.

ನಾನು ಹೊರಗೆ ಹಿಮದಲ್ಲಿ ನಿಂತೆ. ಒಳಗಿನಿಂದ ಮಾತಿಲ್ಲ, ಕತೆಯಿಲ್ಲ. ಮೌನ ವ್ರತವೆಂದುಕೊಂಡೆ. ಮಂಜು ಕಟ್ಟಿದ ಕಿಟಕಿಯಲ್ಲಿ ಏನೋ ಆಡಿದಂತಾಯಿತು. ಕೋಳಿ ಎಂದುಕೊಂಡೆ. ಆಗ ಮಹಡಿಯ ಕಿಟಕಿ ಧಡಾರನೆ ತೆರೆದುಕೊಂಡು, ಸ್ಕಾರ್ಫು ಕಿತ್ತೆಸೆದ ಸವಿತಾಳ ತಲೆ ಹೊರಗೆ ಬಂತು.

"ರೀ! ಅದು ಅಮ್ಮನ ಕೈ ರೀ! ಗಾಜು ಬಡೀತಿದಾರೆ!"

ಬಾಗಿಲು ಎಳೆದೆ. ಬರಲಿಲ್ಲ. ಒಳಗಿನ ತೇವ ರಬ್ಬರ್ ಪಟ್ಟಿಗೆ ಹತ್ತಿ, ಚೌಕಟ್ಟಿಗೆ ಕಚ್ಚಿ ಹೆಪ್ಪುಗಟ್ಟಿತ್ತು. ಕೀಲು ಬಿಚ್ಚೋಣವೆಂದರೆ ಅವು ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಅಡಗಿಸಿದವನು ನಾನೇ. ಅತ್ತೆ ಕಿರುಚುತ್ತಿದ್ದರಂತೆ. ಒಂದಕ್ಷರ ಹೊರಗೆ ಬರುತ್ತಿರಲಿಲ್ಲ. ಕೈಯಲ್ಲಿ ಕೆಂಡದ ಬಟ್ಟಲು ಬೇರೆ. ಇಂಥ ಗೂಡನ್ನು ಈ ಮಿಷಿಗನ್ನಿನಲ್ಲಿ ಇನ್ನೊಬ್ಬ ಕಟ್ಟಲಾರ, ಇದನ್ನು ನಾನು ಇವತ್ತಿಗೂ ಹೇಳುತ್ತೇನೆ.

ಏಣಿ ಹತ್ತಿದೆ. ಸೂರಿನ ಕೆಳಗೆ, ವಾಲ್ಟ್ ಹೇಳಿದ ಜಾಗದಲ್ಲೇ, ಗರಗಸ ಇಟ್ಟೆ. ಹಲಗೆ ಕಳಚಿ ಬಿದ್ದಾಗ ಮೊದಲು ಹೊರಬಂದದ್ದು ಹಬೆ, ಹಿಂದೆಯೇ ಸಾಂಬ್ರಾಣಿ, ಆಮೇಲೆ ಅತ್ತೆಯ ದನಿ. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದವರು.

"ನಿನ್ ಮನೆ ಹಾಳಾಗ! ಆ ಕಡೀಕೂ ಒಂದ ಕುಯ್ಯೋ! ಒಂದ್ ಕಡೆ ಕುಯ್ದು ಬುಟ್ರೆ ಗಾಳಿ ಆಡದಾ?"

ಹಾಳಾಗಬೇಕಾದ ಮನೆ ಅವರ ಮಗಳದೇ ಎಂದು ಜ್ಞಾಪಿಸುವ ಸಮಯ ಅದಲ್ಲ. ಏಣಿ ಹೊತ್ತುಕೊಂಡು ಆ ಕಡೆ ಹೋಗಿ ಕೊಯ್ದೆ. ಅಷ್ಟರಲ್ಲಿ ವಾಲ್ಟ್ ಬಿಸಿನೀರಿನ ಕೆಟಲ್ ತಂದು ಬಾಗಿಲ ಅಂಚಿಗೆ ಹುಯ್ದ. ಇಬ್ಬರೂ ಸೇರಿ ಎಳೆದೆವು. ಅತ್ತೆ ಗುಂಡಮ್ಮನನ್ನು ಕಂಬಳಿಯೊಳಗೆ ಅವುಚಿಕೊಂಡು ಹೊರಬಂದರು. ಕನ್ನಡಕದಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರ ಕಡೆಯೂ ನೋಡದೆ ಮಂಕಿ ಕ್ಯಾಪು ತೆಗೆದು, ಆ ಚಳಿಯಲ್ಲಿ ಬರಿದಲೆಯಲ್ಲಿ ನಿಂತು ಮೂರು ಸಲ ಉಸಿರೆಳೆದುಕೊಂಡರು.

ಎರಡು ಕಿಂಡಿಗೂ ಜಾಲರಿ ಹೊಡೆದೆ. ಮರುದಿನ ಗೋಡೆ ಒಣಗಿತ್ತು. ಗುಂಡಮ್ಮನ ಜುಟ್ಟಿನ ತುದಿ ಉದುರಿಹೋಯಿತು, ಗುಂಡಮ್ಮ ಉಳಿಯಿತು. ಅತ್ತೆ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಬಾಣಂತಿ ಕೋಣೆಯ ಕಿಟಕಿ ಮಾತ್ರ ಒಂದು ಬೆರಳಿನಷ್ಟು ತೆರೆದೇ ಇರತೊಡಗಿತು. ಯಾರು ತೆರೆದರೆಂದು ಯಾರೂ ಕೇಳಲಿಲ್ಲ. ಅದು ಮುಚ್ಚಿಕೊಳ್ಳದಿರಲೆಂದು ನಾನು ಒಂದು ಮರದ ಬೆಣೆ ಮಾಡಿ ಕೊಟ್ಟೆ. ಬಹಳ ಸೊಗಸಾಗಿ ಬಂದಿತ್ತು.

ಅರೋರಾದ ಹಿತ್ತಲಲ್ಲಿ ದಿಲೀಪ ಗೂಡಿನ ಮೇಲೆ ಕೈಯಾಡಿಸಿ, ಬಾಗಿಲು ತೆಗೆದು ಮುಚ್ಚಿ ಮೆಚ್ಚಿಕೊಂಡು, ಸೂರಿನ ಕೆಳಗಿನ ಉದ್ದನೆಯ ಕಿಂಡಿಯ ಹತ್ತಿರ ನಿಂತುಬಿಟ್ಟ.

"ಅಂಕಲ್, ಫಿನಿಶಿಂಗ್ ಎಲ್ಲ ಸೂಪರ್. ಇದೊಂದು ಯಾಕೆ ಓಪನ್ ಬಿಟ್ಟಿದೀರಾ? ಮೆಟೀರಿಯಲ್ ಶಾರ್ಟ್ ಆಯ್ತಾ?"

ಹಿಂದಿನ ನಾನಾಗಿದ್ದರೆ ಗೂಡನ್ನು ವಾಪಸು ವ್ಯಾನಿಗೆ ಏರಿಸುತ್ತಿದ್ದೆ. "ಗ್ಲೌಸ್ ತೆಗೆದು ಅಲ್ಲಿ ಕೈ ಹಿಡೀರಿ" ಎಂದೆ.

ಹಿಡಿದ. ಒಳಗೆ ಕೋಳಿಗಳು ಒತ್ತಿಕೊಂಡು ಕೂತಿದ್ದವು. "ಬೆಚ್ಚಗಿದೆ ಅಂಕಲ್" ಎಂದ, ಮೆಲ್ಲಗೆ. ಕೈ ತೆಗೆದವನು, ಮಂಗಳಾರತಿ ತಟ್ಟೆಯ ಮುಂದೆ ಮಾಡುವ ಹಾಗೆ, ಎರಡೂ ಅಂಗೈಗಳನ್ನು ಕಣ್ಣಿಗೊತ್ತಿಕೊಂಡುಬಿಟ್ಟ. ಕೋಳಿಯ ಉಸಿರೆಂದು ಆಮೇಲೆ ಹೊಳೆದು, ನಾನು ನೋಡಿದೆನೋ ಎಂದು ಕಳ್ಳನಂತೆ ಈ ಕಡೆ ತಿರುಗಿದ.

ನಾನು ನೋಡದವನಂತೆ ಕಾಫಿ ಲೋಟ ಕೆಳಗಿಟ್ಟು, ನನ್ನ ಕೈಯನ್ನೂ ಅಲ್ಲಿ ಹಿಡಿದೆ.